ನೀರು ಉಳಿಸುವ ಉಪ್ಪಿನ ಉಪಾಯ

ಬೆಳಿಗ್ಗೆ ಎದ್ದ ಕೂಡಲೆ ಹೋಗುವ ಮೂತ್ರ ಗಾಢ ಹಳದಿ. ನಾಲ್ಕು ಲೋಟ ನೀರು ಕುಡಿದ ಮೇಲೆ ಹೋಗುವುದು ಹೆಚ್ಚುಕಡಿಮೆ ನೀರಿನದೇ ಬಣ್ಣ. ಮೂತ್ರಪಿಂಡಗಳು ಅವೇ, ವ್ಯಕ್ತಿಯೂ ಅವನೇ. ಹಾಗಾದರೆ ಈ ವ್ಯತ್ಯಾಸ ಏಕೆ?

ಒಂದೊಂದು ಮೂತ್ರಪಿಂಡದಲ್ಲೂ ನೆಫ್ರಾನ್ ಎಂಬ ಅತಿ ಸಣ್ಣ ಕೊಳವೆಗಳು ಸುಮಾರು 10 ಲಕ್ಷ ಇವೆ. ಇವೆಲ್ಲ ಸೇರಿ ದಿನಕ್ಕೆ ರಕ್ತದಿಂದ ಸೋಸುವ ದ್ರವ ಸುಮಾರು 180 ಲೀಟರ್. ಮೂತ್ರವಾಗಿ ಹೊರಬೀಳುವುದು ಸುಮಾರು ಒಂದೂವರೆ ಲೀಟರ್ ಮಾತ್ರ. ಉಳಿದ ನೀರೆಲ್ಲ ಮರಳಿ ರಕ್ತಕ್ಕೆ.

ವಿಚಿತ್ರವೆಂದರೆ, ನೀರನ್ನೇ ನೇರವಾಗಿ ಎತ್ತುವ ಪಂಪು ಮೂತ್ರಪಿಂಡದಲ್ಲಿ ಇಲ್ಲ. ಅದು ಎತ್ತುವುದು ಉಪ್ಪನ್ನು. ಉಪ್ಪಿನಕಾಯಿ ಹಾಕುವಾಗ ಮಾವಿನ ಹೋಳುಗಳಿಗೆ ಉಪ್ಪು ಬೆರೆಸಿ ಮುಚ್ಚಿಡುತ್ತಾರೆ. ಮರುದಿನ ನೋಡಿದರೆ ಹೋಳು ನೀರು ಬಿಟ್ಟಿರುತ್ತದೆ. ಉಪ್ಪು ಹೆಚ್ಚಿರುವ ಕಡೆಗೆ ನೀರು ತಾನಾಗಿಯೇ ಹರಿಯುತ್ತದೆ. ಮೂತ್ರಪಿಂಡದ ಉಪಾಯವೂ ಇದೇ.

ನೆಫ್ರಾನ್‌ನ ಮಧ್ಯಭಾಗ ಹೇರ್‌ಪಿನ್ನಿನಂತೆ ಬಾಗಿ, ಮೂತ್ರಪಿಂಡದ ಒಳಕ್ಕೆ ಇಳಿದು ಮತ್ತೆ ಮೇಲೇರುತ್ತದೆ. ಜರ್ಮನಿಯ ಜೇಕಬ್ ಹೆನ್ಲೆ 1862ರಲ್ಲಿ ಇದನ್ನು ವಿವರಿಸಿದ. ಹಾಗಾಗಿ ಇದು ‘ಹೆನ್ಲೆಯ ಕುಣಿಕೆ’. ಏರುವ ಕೊಳವೆ ಉಪ್ಪನ್ನು ಹೊರದಬ್ಬುತ್ತದೆ, ನೀರನ್ನು ಬಿಡುವುದಿಲ್ಲ. ಪಕ್ಕದಲ್ಲೇ ಇಳಿಯುವ ಕೊಳವೆ ನೀರನ್ನು ಬಿಟ್ಟುಕೊಡುತ್ತದೆ. ಹೀಗೆ ಬಾಗಿನ ತುದಿ ಮುಟ್ಟುವ ದ್ರವ ಇನ್ನಷ್ಟು ಉಪ್ಪಾಗುತ್ತದೆ. ಅದೇ ದ್ರವ ಮೇಲೇರುವಾಗ ಮತ್ತಷ್ಟು ಉಪ್ಪು ಹೊರಬೀಳುತ್ತದೆ. ಇದರೊಂದಿಗೆ ಯೂರಿಯಾ ಕೂಡ ಸೇರಿ, ಮೂತ್ರಪಿಂಡದ ಆಳದಲ್ಲಿ ಸಾಂದ್ರತೆ ರಕ್ತದ ನಾಲ್ಕು ಪಟ್ಟು ಮುಟ್ಟಬಲ್ಲದು. ಸ್ವಿಟ್ಜರ್ಲೆಂಡಿನ ವರ್ನರ್ ಕೂನ್ 1942ರಲ್ಲಿ ಈ ವಿವರಣೆ ಮುಂದಿಟ್ಟ. 1951ರಲ್ಲಿ ಇಲಿಗಳ ಮೂತ್ರಪಿಂಡ ಪರೀಕ್ಷಿಸಿದಾಗ ಅದಕ್ಕೆ ಪುರಾವೆ ಸಿಕ್ಕಿತು.

ಮೂತ್ರ ಸಾಗುವ ಕೊನೆಯ ನಾಳ ಈ ಉಪ್ಪಿನ ಪ್ರದೇಶವನ್ನು ಹಾದೇ ಹೋಗಬೇಕು. ದೇಹಕ್ಕೆ ನೀರಿನ ಕೊರತೆಯಾದಾಗ ಮೆದುಳಿನ ತಳದ ಪಿಟ್ಯುಟರಿ ಗ್ರಂಥಿ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಆಗ ನಾಳದ ಗೋಡೆಯಲ್ಲಿ ನೀರಿನ ಬಾಗಿಲುಗಳು ಹೆಚ್ಚುತ್ತವೆ. ನೀರು ಉಪ್ಪಿನತ್ತ ಹರಿದು ರಕ್ತ ಸೇರುತ್ತದೆ. ಮೂತ್ರ ಗಟ್ಟಿಯಾಗುತ್ತದೆ. ರಾತ್ರಿಯಿಡೀ ನಡೆಯುವುದು ಇದೇ. ಅಕ್ವಾಪೋರಿನ್ ಎಂಬ ಈ ಬಾಗಿಲುಗಳನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಆದರೆ ನಾಲ್ಕು ಪಟ್ಟೇ ಮನುಷ್ಯನ ಮಿತಿ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ಅದನ್ನು ಕುಡಿದವನು ಅಷ್ಟು ಲವಣ ಹೊರಹಾಕಲು ಒಂದು ಲೀಟರಿಗಿಂತ ಹೆಚ್ಚು ಮೂತ್ರ ಮಾಡಬೇಕು, ಕುಡಿದಷ್ಟೂ ಒಣಗುತ್ತಾನೆ. ನೀರೇ ಕುಡಿಯದಿದ್ದರೂ ದಿನದ ಕಲ್ಮಶ ಕಳೆಯಲು ಸುಮಾರು ಅರ್ಧ ಲೀಟರ್ ಮೂತ್ರ ಬೇಕೇ ಬೇಕು. ಅದು ಬರುವುದು ದೇಹದ ನೀರಿನಿಂದಲೇ.

ಶಾಲೆಯ ಶೌಚಾಲಯಕ್ಕೆ ಹೋಗಬೇಕಾದೀತೆಂದು ಸಂಜೆಯವರೆಗೂ ನೀರು ಮುಟ್ಟದ ಮಕ್ಕಳಿದ್ದಾರೆ, ಅದರಲ್ಲೂ ಹೆಣ್ಣುಮಕ್ಕಳು. ಮೂತ್ರಪಿಂಡ ಆ ಹೊತ್ತನ್ನು ಹೇಗೋ ನಿಭಾಯಿಸುತ್ತದೆ. ಅಭ್ಯಾಸವೇ ಹಾಗಾದರೆ ಗಟ್ಟಿ ಮೂತ್ರದಲ್ಲಿ ಲವಣಗಳು ಹರಳುಗಟ್ಟಿ ಕಲ್ಲಾಗಬಹುದು; ಮೂತ್ರ ತಡೆದಿಟ್ಟುಕೊಂಡರೆ ಸೋಂಕೂ ತಗಲಬಹುದು. ಸಂಜೆ ಮಗುವಿನ ಊಟದ ಡಬ್ಬಿ ತೆರೆದು ನೋಡುವ ತಾಯಿತಂದೆಯರು ನೀರಿನ ಬಾಟಲಿಯನ್ನೂ ಒಮ್ಮೆ ಎತ್ತಿ ನೋಡಬೇಕು. ಅದು ಬೆಳಗಿನಷ್ಟೇ ಭಾರವಾಗಿದ್ದರೆ ಮೊದಲು ವಿಚಾರಿಸಬೇಕಾದದ್ದು ಶಾಲೆಯ ಶೌಚಾಲಯ ಹೇಗಿದೆ ಎಂದು.