ವೈಫೈಗೆ ಪಾಸ್‌ವರ್ಡ್ ಇದ್ದರೆ ಸಾಕೇ?

"ವೈಫೈಗೆ ಪಾಸ್‌ವರ್ಡ್ ಹಾಕಿದ್ದರೆ ಯಾರೂ ಏನೂ ಮಾಡಲಾರರು" ಎಂದು ಹಲವರು ನಂಬಿದ್ದಾರೆ. ಇದು ಅರ್ಧ ಸತ್ಯ. ಪಂಚನಹಳ್ಳಿಯ ಅಂಗಡಿಯಾಗಲಿ, ಬೆಂಗಳೂರಿನ ಫ್ಲ್ಯಾಟಾಗಲಿ, ವೈಫೈ ಎಷ್ಟು ಭದ್ರ ಎಂಬುದು ಆ ಪಾಸ್‌ವರ್ಡ್‌ನಿಂದ ರೂಟರ್ ಕೀಲಿಯನ್ನು ಹೇಗೆ ತಯಾರಿಸುತ್ತದೆ ಎಂಬುದರ ಮೇಲೆ ನಿಂತಿದೆ.

ಪಾಸ್‌ವರ್ಡ್ ಬೇರೆ, ಕೀಲಿ ಬೇರೆಯೇ?

ಹೌದು. ಪಾಸ್‌ವರ್ಡ್ ನೀವು ಟೈಪ್ ಮಾಡುವ ಪದ. ಗಾಳಿಯಲ್ಲಿ ಹೋಗುವ ಮಾಹಿತಿಗೆ ಬೀಗ ಹಾಕುವ ಸಂಖ್ಯೆಯೇ ಕೀಲಿ.

1997ರಲ್ಲಿ ಬಂದ 'ವೆಪ್' ಪದ್ಧತಿಯಲ್ಲಿ ಎಲ್ಲ ಸಾಧನಗಳಿಗೂ ಒಂದೇ ಕೀಲಿ. ಅದರ ಜೊತೆ ಸೇರಿಸುತ್ತಿದ್ದ ಬದಲಾಗುವ ಅಂಕಿಗೆ ಇದ್ದದ್ದು ಸುಮಾರು 1.67 ಕೋಟಿ ಸಾಧ್ಯತೆ ಮಾತ್ರ. ಹೆಚ್ಚು ಬಳಸಿದಂತೆ ಅವು ಮರುಕಳಿಸುತ್ತಿದ್ದವು. 2001ರಲ್ಲೇ ತಜ್ಞರು ಇದನ್ನು ಮುರಿಯುವ ದಾರಿ ತೋರಿಸಿದರು. ಇಂದು ವೆಪ್ ಮುರಿಯಲು ಕೆಲವು ನಿಮಿಷ ಸಾಕು.

2003ರ ಡಬ್ಲ್ಯುಪಿಎ ಪ್ರತಿ ಪ್ಯಾಕೆಟ್ಟಿಗೂ ಕೀಲಿ ಬದಲಿಸಿತು. ಅದು ತಾತ್ಕಾಲಿಕ ಪರಿಹಾರ. 2004ರ ಡಬ್ಲ್ಯುಪಿಎ2 ಬಲವಾದ ಎಇಎಸ್ ಬೀಗ ತಂದಿತು. ಇದರಲ್ಲಿ ಫೋನು ಮತ್ತು ರೂಟರ್ ನಾಲ್ಕು ಸಂದೇಶ ವಿನಿಮಯ ಮಾಡಿಕೊಂಡು, ಪ್ರತಿ ಸಂಪರ್ಕಕ್ಕೂ ಬೇರೆ ಕೀಲಿ ತಯಾರಿಸುತ್ತವೆ.

ಹಾಗಾದರೆ ಸಮಸ್ಯೆ ಎಲ್ಲಿದೆ?

ಆ ನಾಲ್ಕು ಸಂದೇಶಗಳನ್ನು ಹಿಡಿದಿಟ್ಟುಕೊಂಡವರು ಮನೆಗೆ ಹೋಗಿ ಪಾಸ್‌ವರ್ಡ್ ಊಹಿಸುತ್ತಾ ಕೂರಬಹುದು. ನಮ್ಮಲ್ಲಿ ಅನೇಕರು ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡುತ್ತಾರೆ. ನಮ್ಮ ದೇಶದ ಮೊಬೈಲ್ ನಂಬರು 10 ಅಂಕಿಯದು, 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುತ್ತದೆ. ಅಂದರೆ ಹೆಚ್ಚೆಂದರೆ 400 ಕೋಟಿ ಸಾಧ್ಯತೆ. ಗೇಮ್ ಆಡುವ ಒಳ್ಳೆಯ ಕಂಪ್ಯೂಟರ್ ಸೆಕೆಂಡಿಗೆ ಲಕ್ಷಗಟ್ಟಲೆ ಊಹೆ ಪರೀಕ್ಷಿಸುವುದರಿಂದ ಇದು ಕೆಲವೇ ಗಂಟೆಗಳ ಕೆಲಸ. ಅಂಗಡಿ ಬೋರ್ಡಿನ ಮೇಲೆ ಅದೇ ನಂಬರ್ ಇದ್ದರೆ ಅಷ್ಟೂ ಬೇಡ!

2018ರ ಡಬ್ಲ್ಯುಪಿಎ3 ಈ ದಾರಿ ಮುಚ್ಚಿತು. ಇಲ್ಲಿ ಪ್ರತಿ ಊಹೆಯನ್ನೂ ರೂಟರ್ ಎದುರೇ ಪರೀಕ್ಷಿಸಬೇಕು. ಮುಂದೆಂದೋ ಪಾಸ್‌ವರ್ಡ್ ಸಿಕ್ಕರೂ, ಹಿಂದೆ ಹಿಡಿದಿಟ್ಟ ಮಾಹಿತಿಯ ಬೀಗ ತೆರೆಯುವುದಿಲ್ಲ.

ಒಟಿಪಿ ಕೇಳುವ ಉಚಿತ ವೈಫೈ ಸುರಕ್ಷಿತವೇ?

ಒಟಿಪಿ ನೀವು ಯಾರೆಂದು ದಾಖಲಿಸಲು ಮಾತ್ರ. ಸಂಪರ್ಕಿಸುವಾಗ ಪಾಸ್‌ವರ್ಡ್ ಕೇಳದೆ, ನಂತರ ಒಟಿಪಿ ಕೇಳುವ ಜಾಲದಲ್ಲಿ ಸಾಮಾನ್ಯವಾಗಿ ವೈಫೈ ಬೀಗವೇ ಇರುವುದಿಲ್ಲ. ಬ್ಯಾಂಕ್ ಆ್ಯಪ್, ವಾಟ್ಸ್‌ಆ್ಯಪ್‌ಗಳಿಗೆ ತಮ್ಮದೇ ಬೀಗ ಇರುವುದರಿಂದ ಅವುಗಳ ಒಳಗಿನ ಮಾಹಿತಿ ಓದುವುದು ಸುಲಭವಲ್ಲ.

ನನ್ನ ವೈಫೈ ಬೇರೆಯವರು ಬಳಸಿದರೆ ನಷ್ಟವೇನು?

ಡೇಟಾ ಖರ್ಚಷ್ಟೇ ಅಲ್ಲ. 2008ರ ಜುಲೈನಲ್ಲಿ ಅಹಮದಾಬಾದ್ ಸರಣಿ ಸ್ಫೋಟದ ವೇಳೆ ಮಾಧ್ಯಮಗಳಿಗೆ ಹೋದ ಇಮೇಲಿನ ಜಾಡು ಹಿಡಿದ ಪೊಲೀಸರು ನವಿ ಮುಂಬೈನ ಒಂದು ಮನೆಗೆ ತಲುಪಿದರು. ಆ ಮನೆಯ ವೈಫೈಯನ್ನು ಬೇರೆಯವರು ದುರ್ಬಳಕೆ ಮಾಡಿಕೊಂಡಿದ್ದರು.

ನೀವು ಮಾಡಬೇಕಾದದ್ದು

• ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ ನಿಮ್ಮ ಜಾಲದ ಹೆಸರು ಒತ್ತಿ, ಭದ್ರತೆ ಯಾವುದೆಂದು ನೋಡಿ. ವೆಪ್ ಇದ್ದರೆ ಇಂದೇ ಬದಲಿಸಿ.
• ಡಬ್ಲ್ಯುಪಿಎ3 ಇದ್ದರೆ ಆರಿಸಿ. ಇಲ್ಲದಿದ್ದರೆ ಡಬ್ಲ್ಯುಪಿಎ2 ಸಾಕು, ಆದರೆ ಪಾಸ್‌ವರ್ಡ್ ಉದ್ದವಿರಲಿ. ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿ.
• ಫೋನ್, ರೂಟರ್ ಎರಡನ್ನೂ ಅಪ್‌ಡೇಟ್ ಮಾಡಿ. 2017ರಲ್ಲಿ ಡಬ್ಲ್ಯುಪಿಎ2ನಲ್ಲಿ ಸಿಕ್ಕ 'ಕ್ರ್ಯಾಕ್' ದೋಷ, ಬಳಸಿದ ಕೀಲಿಯನ್ನೇ ಮತ್ತೆ ಬಳಸುವಂತೆ ಮಾಡುತ್ತಿತ್ತು. ಅದು ಸರಿಹೋದದ್ದು ಅಪ್‌ಡೇಟ್‌ನಿಂದಲೇ.