ಚಿತ್ರದ ಅಡಿಯ ಪಟ್ಟಿ

ವ್ಯಾಪಾರಸ್ಥರು ಗಿರಾಕಿಗಳಿಗೆ ಬಿಟ್ಟಿಯಾಗಿ ಹಂಚಿದ ಕ್ಯಾಲೆಂಡರು, ಬೆಲೆಪಟ್ಟಿ, ಕರಪತ್ರ, ಲೇಬಲ್ಲುಗಳನ್ನು ಕೂಡಿಡುವವರನ್ನು ಕಂಡು ನಗುವವರುಂಟು. ಮಠದಲ್ಲಿ ಓಲೆಗರಿಗಳ ನಡುವೆ ಬೆಳೆದ ನಮಗೆ ಅದು ನಗುವ ವಿಷಯವೆನಿಸದು. ಓಲೆಯ ಕಟ್ಟು ಬಿಚ್ಚಿದೊಡನೆ ಗುರುಗಳು ನಮ್ಮಿಂದ ಮೊದಲು ಓದಿಸುತ್ತಿದ್ದುದು ಕಟ್ಟಕಡೆಯ ಗರಿಯನ್ನು. ಪ್ರತಿ ಮಾಡಿದವನ ಹೆಸರು, ಊರು, ಸಂವತ್ಸರಗಳು ಇದ್ದರೆ ಅಲ್ಲಿಯೇ ಇರುತ್ತಿದ್ದವು. ನಮ್ಮ ಕರಾವಳಿಯ ಹಳೆಯ ಜಾಹೀರಾತುಗಳನ್ನೂ ಹಾಗೆಯೇ ಓದತಕ್ಕದ್ದು.

ಕ್ಯಾಲೆಂಡರಿನ ದೇವರ ಚಿತ್ರವನ್ನು ಕತ್ತರಿಸಿ, ಗಾಜಿನ ಕಟ್ಟು ಹಾಕಿಸಿ, ಅಡಿಯ ಪಟ್ಟಿಯನ್ನು ಒಲೆಗೆ ಹಾಕುವುದು ಅನೇಕ ಮನೆಗಳ ರೂಢಿ. ಭಕ್ತಿಯಿಂದ ಮಾಡಿದ್ದನ್ನು ಆಕ್ಷೇಪಿಸಲಾಗದು. ಆದರೆ ಶಿವಕಾಶಿಯಲ್ಲಿ ಅಚ್ಚಾದ ಒಂದೇ ಲಕ್ಷ್ಮಿಯ ಚಿತ್ರವು ಊರೂರಿನ ಅಂಗಡಿಗಳ ಹೆಸರು ಹೊತ್ತು ಹೋಗುತ್ತಿತ್ತು. ಚಿತ್ರ ಇನ್ನೆಲ್ಲಿಯಾದರೂ ದೊರೆತೀತು. ಮಂಗಳೂರಿನ ಬಂದರಿನ ಓಣಿಯಲ್ಲಿ ಎಂದೋ ಬಾಗಿಲು ಮುಚ್ಚಿದ ಜವಳಿ ಅಂಗಡಿಯ ಹೆಸರುಳ್ಳ ಪಟ್ಟಿ ದೊರೆಯುವುದು ದುರ್ಲಭ. ಸಂಗ್ರಹಕಾರರಲ್ಲಿಯೂ ಬಹುಮಂದಿ ಚಿತ್ರಕ್ಕೇ ಬೆಲೆ ಕಟ್ಟುತ್ತಾರೆ. ತಿರುಳು ಬಿಟ್ಟು ಸಿಪ್ಪೆ ಹಿಡಿಯುವುದೆಂದರೆ ಇದೇ.

ಇಸವಿಯಿಲ್ಲದ ಕಾಗದವೂ ತನ್ನ ಕಾಲವನ್ನು ಹೇಳಬಲ್ಲುದು. ಬೆಲೆ ಆಣೆಗಳಲ್ಲಿದ್ದರೆ ಅದು ಸಾಮಾನ್ಯವಾಗಿ 1957ಕ್ಕೆ ಹಿಂದಿನದು. ನಯಾಪೈಸೆಯಲ್ಲಿದ್ದರೆ ಅಲ್ಲಿಂದ 1964ರವರೆಗಿನದು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಕಂಡರೆ 1972ರ ಆಗಸ್ಟಿಗೆ ಈಚಿನದು. ಬ್ಯಾಂಕುಗಳ ಹೆಸರೂ ಸಾಕ್ಷಿ ನುಡಿಯುತ್ತದೆ. ನೇಕಾರರಿಗೆ ನೆರವಾಗಲೆಂದು ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್, 1960ರ ದಶಕದಲ್ಲಿ ಸಿಂಡಿಕೇಟ್ ಬ್ಯಾಂಕ್ ಎನಿಸಿತು. 1928ರಲ್ಲಿ ಅದು ಆರಂಭಿಸಿದ ಪಿಗ್ಮಿ ಠೇವಣಿಯ ಏಜೆಂಟರು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನೂ ಬೇಡವೆನ್ನದೆ ಪಡೆಯುತ್ತಿದ್ದರು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಅದೇ ದಿನ, 1906ರಲ್ಲಿ ಉಡುಪಿಯಲ್ಲೇ ಸ್ಥಾಪಿತವಾಗಿದ್ದ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕು ಒಂದು ವರ್ಷ ಮೊದಲೇ ಬ್ಯಾಂಕ್ ಆಫ್ ಬರೋಡಾವನ್ನು ಸೇರಿತ್ತು. ಫಲಕಗಳು ಇಳಿದವು. ಪಾಸ್‌ಪುಸ್ತಕ, ಪಿಗ್ಮಿ ಕಾರ್ಡು, ಗೋಡೆಯ ಕ್ಯಾಲೆಂಡರುಗಳು ಈಗ ಸದ್ದಿಲ್ಲದೆ ರದ್ದಿಗೆ ಹೋಗುತ್ತಿವೆ. ಬೀಡಿ ಕಟ್ಟಿ ದಿನಕ್ಕೆ ನಾಲ್ಕು ಕಾಸು ಉಳಿಸಿದ ತಾಯಿಯ ಲೆಕ್ಕವು ಯಾವ ಚರಿತ್ರೆಯ ಗ್ರಂಥದಲ್ಲಿದೆ? ಆ ಕಾರ್ಡಿನಲ್ಲಿದೆ, ಅಷ್ಟೆ.

ಘಟ್ಟದ ಮೇಲಿರುವ ನಮ್ಮ ಓದುಗರು ಇದು ಕರಾವಳಿಯವರ ಮಾತೆಂದು ಪುಟ ತಿರುವಬಾರದು. ತಮ್ಮದು ಮಂಗಳೂರು ಹೆಂಚಿನ ಹಳೆಯ ಮನೆಯಾಗಿದ್ದರೆ ತಲೆಯ ಮೇಲೆಯೇ ಜಾಹೀರಾತು ಇದೆ. ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ನದಿಯ ಜೇಡಿಮಣ್ಣು ಹತ್ತಿರವೇ ಇತ್ತು. ಹೆಂಚಿನ ಒಳಮೈ ಮೇಲೆ ಕಾರ್ಖಾನೆಯ ಹೆಸರನ್ನು ಉಬ್ಬಚ್ಚಿನಲ್ಲಿ ಒತ್ತುತ್ತಿದ್ದರು. ಬೀದಿಯಲ್ಲಿ ಹೋಗುವವನಿಗೆ ಅದು ಕಾಣದು, ಅಂಗಾತ ಮಲಗಿದ ಮನೆಯವನಿಗೆ ಕಾಣುತ್ತದೆ! ಅಲ್ಲಿರುವ 1865 ಎಂಬುದು ಕಾರ್ಖಾನೆ ಹುಟ್ಟಿದ ವರ್ಷ, ಹೆಂಚು ಬೆಂದ ವರ್ಷವಲ್ಲ. ಆಲ್ಬುಕರ್ಕ್ ಕಂಪನಿಯ ಹೆಂಚಿನ 1868ರ ವಿಷಯವೂ ಅಷ್ಟೇ. ಇದನ್ನು ಮರೆಮಾಚಿ ದುಪ್ಪಟ್ಟು ಬೆಲೆಗೆ ಮಾರುವವರಿದ್ದಾರೆ, ಎಚ್ಚರಿಕೆ ಬೇಕು.

ಹಳೆಯ ಮನೆ ಕೆಡವುವಾಗ ಪ್ರತಿಯೊಂದು ಅಚ್ಚಿನ ಒಂದೊಂದು ಹೆಂಚನ್ನಾದರೂ ತೆಗೆದಿಡಬೇಕು. ಕಾಗದಗಳಿಗೆ ಗೋಂದು, ಅಂಟುಪಟ್ಟಿ ಸೋಕಿಸಬಾರದು. ಪ್ಲಾಸ್ಟಿಕ್ಕಿನಲ್ಲಿ ಕಾಯಿಸಿ ಮುಚ್ಚುವುದಂತೂ ಕೂಡದು. ಯಾವ ಮನೆಯಲ್ಲಿ, ಯಾರ ಪೆಟ್ಟಿಗೆಯಲ್ಲಿ ದೊರೆಯಿತೆಂಬುದನ್ನು ಬೇರೊಂದು ಹಾಳೆಯಲ್ಲಿ ಸೀಸದ ಕಡ್ಡಿಯಿಂದ ಬರೆದು ಜೊತೆಗಿಡಬೇಕು. ಕರಾವಳಿಯಲ್ಲಿರುವವರು ಮಳೆಗಾಲ ಕಳೆದ ಮೇಲೊಮ್ಮೆ ಎಲ್ಲವನ್ನೂ ಬಿಚ್ಚಿ ನೆರಳಿನಲ್ಲಿ ಗಾಳಿಗೆ ಹರಡುವುದು ಒಳ್ಳೆಯದು.