ಮನೆಮುರುಕರು ಯಾರು?



ಕಳೆದ ತಿಂಗಳು ಒಂದು ಭಾನುವಾರ ನಾವು ಯುವಜನರು ಇಗರ್ಜಿಯ ನೋಟಿಸ್ ಬೋರ್ಡಿನಲ್ಲಿ ಒಂದು ಕಾಗದ ಅಂಟಿಸಿದ್ದೆವು. ದೊಡ್ಡದೇನಲ್ಲ, ಒಂದು ಎ4 ಹಾಳೆ. "ಮನೆಯಲ್ಲಿ ಪೆಟ್ಟು ತಿನ್ನುತ್ತಿದ್ದೀರಾ? ಕೇಳುವವರು ಇದ್ದಾರೆ" ಎಂದು ಕನ್ನಡದಲ್ಲಿ ಬರೆದು, ಕೆಳಗೆ ಸಹಾಯವಾಣಿಯ ನಂಬರು ಹಾಕಿದ್ದೆವು. ಮೊದಲ ಪೂಜೆಗೆ ಮುಂಚೆ ಅಂಟಿಸಿದ ಹಾಳೆ ಎರಡನೇ ಪೂಜೆ ಮುಗಿಯುವಾಗ ಇರಲಿಲ್ಲ. ಗಾಳಿಗೆ ಹಾರಿದ್ದಲ್ಲ. ತೆಗೆದವರೇ ಬಂದು ಹೇಳಿದರು, ಅದೂ ಸಿಟ್ಟಿಲ್ಲದೆ, ಬೆನ್ನ ಮೇಲೆ ಕೈಯಿಟ್ಟು: "ಮಕ್ಕಳೇ, ಇದೆಲ್ಲ ಮನೆಮುರುಕರ ಕೆಲಸ. ಈ ಮಹಿಳಾ ಸಂಘಟನೆಯವರು ಗಂಡ ಹೆಂಡತಿ ನಡುವೆ ಕೈ ಹಾಕಿ ಸಂಸಾರ ಹಾಳು ಮಾಡುತ್ತಾರೆ. ನಮ್ಮವರಿಗೆ ಅದು ಬೇಡ."

ಆ ದಿನ ನಾವು ತಿರುಗಿ ಮಾತಾಡಲಿಲ್ಲ. ನಮ್ಮಲ್ಲಿ ಹಲವರಿಗೆ ಧರ್ಮೋಪದೇಶ ಕಲಿಸಿದವರು ಅವರು. ಆದರೆ ಅವರ ಎರಡು ಶಬ್ದ ನಮ್ಮನ್ನು ಬಿಡಲಿಲ್ಲ: "ಮನೆಮುರುಕರು" ಮತ್ತು "ನಮ್ಮವರು". ಅಂದು ಬಾಯಿಗೆ ಬಾರದ ಉತ್ತರ ಇಲ್ಲಿದೆ. ಖಾರ ಹೆಚ್ಚಾಯಿತು ಎನಿಸಿದರೆ ನೇರವಾಗಿ ನಮಗೇ ಹೇಳಿ, ಫಾದರ್ ಹತ್ತಿರ ಹೋಗಿ ಹೇಳಬೇಡಿ.

ಮೊದಲು ಈ "ನಮ್ಮವರು" ಎಂಬುದನ್ನು ನೋಡೋಣ. ಫ್ಲೇವಿಯಾ ಆಗ್ನೆಸ್ ಎಂಬ ಹೆಸರನ್ನು ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರಿ? ನಾವೂ ಮೊನ್ನೆ ಮೊನ್ನೆಯವರೆಗೆ ಕೇಳಿರಲಿಲ್ಲ, ಅದಕ್ಕೆ ನಮಗೇ ನಾಚಿಕೆ. 1947ರಲ್ಲಿ ಮುಂಬೈಯಲ್ಲಿ ಹುಟ್ಟಿದ, ಮಂಗಳೂರು ಕಡೆಯ ಕಥೋಲಿಕ ಹೆಣ್ಣುಮಗಳು. ಬೆಳೆದದ್ದು ಮೂಡುಬಿದಿರೆ ಕಡೆಯ ಕಡಂದಲೆಯಲ್ಲಿ, ಆಂಟಿಯ ಆಸರೆಯಲ್ಲಿ. ಅಪ್ಪ ಅಮ್ಮ ಏಡನ್‌ನಲ್ಲಿ. ಈಗ ನಮ್ಮ ವಾರ್ಡಿನ ಅರ್ಧ ಮನೆಗಳಿಗೆ ದುಬೈ ಹೇಗೋ ಆಗಿನವರಿಗೆ ಏಡನ್ ಹಾಗೆ. ಅಪ್ಪ ತೀರಿಹೋದ ಮೇಲೆ ಕುಟುಂಬ ಊರಿಗೆ ಬಂತು, ಮನೆಯವರು ನೋಡಿದ ಗಂಡಿನೊಂದಿಗೆ ಮದುವೆಯಾಯಿತು. ಮೂರು ಮಕ್ಕಳು. ವರ್ಷಗಟ್ಟಲೆ ಪೆಟ್ಟು.

ಈ ಕಥೆಯಲ್ಲಿ ನಮ್ಮ ವಾರ್ಡಿನಲ್ಲಿ ಇಲ್ಲದ್ದು ಏನಾದರೂ ಒಂದು ಇದ್ದರೆ ತೋರಿಸಿ.

ಮುಂದಿನದು ಮಾತ್ರ ನಮ್ಮ ಕಡೆ ಅಪರೂಪ. 1980ರಲ್ಲಿ ಮುಂಬೈಯಲ್ಲಿ ಹೆಂಗಸರು ಒಂದು ವೇದಿಕೆ ಕಟ್ಟಿದರು. ಮಹಾರಾಷ್ಟ್ರದ ಒಂದು ಠಾಣೆಯಲ್ಲೇ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರ ಆಗಿತ್ತು, ಆರೋಪಿ ಪೊಲೀಸರನ್ನು ಸುಪ್ರೀಂ ಕೋರ್ಟು ಬಿಟ್ಟುಬಿಟ್ಟಿತ್ತು, ಆ ಸಿಟ್ಟಿಗೆ ಹುಟ್ಟಿದ ವೇದಿಕೆ ಅದು. ಹೆಸರು "ಫೋರಮ್ ಅಗೇನ್ಸ್ಟ್ ರೇಪ್". ಆದರೆ ಸೇರಿದ ಹೆಂಗಸರು ಬಾಯಿ ಬಿಟ್ಟಾಗ ಠಾಣೆಯ ಸುದ್ದಿಯ ಜೊತೆಗೆ ಮನೆಯ ಸುದ್ದಿಯೂ ಹೊರಗೆ ಬಂತು. ಎಷ್ಟು ಬಂತೆಂದರೆ ವೇದಿಕೆಯ ಹೆಸರನ್ನೇ "ಫೋರಮ್ ಅಗೇನ್ಸ್ಟ್ ಒಪ್ರೆಶನ್ ಆಫ್ ವಿಮೆನ್" ಎಂದು ಬದಲಿಸಬೇಕಾಯಿತು. ಫ್ಲೇವಿಯಾ ಬಂದು ಸೇರಿದ್ದು ಅಲ್ಲಿಗೆ. ಮಕ್ಕಳಾದ ಮೇಲೆ ಡಿಗ್ರಿ ಓದಿದರು, 1988ರಲ್ಲಿ ಕಾನೂನು ಪದವಿ ಪಡೆದು ಮುಂಬೈ ಹೈಕೋರ್ಟಿನಲ್ಲಿ ವಕೀಲರಾದರು, ಪೆಟ್ಟು ತಿಂದ ಹೆಂಗಸರ ಕೇಸು ನಡೆಸಲು "ಮಜ್ಲಿಸ್" ಎಂಬ ಸಂಸ್ಥೆ ಕಟ್ಟಿದರು. ತನ್ನ ಕಥೆಯನ್ನು ತಾನೇ ಪುಸ್ತಕ ಮಾಡಿ, ಹೆಸರು ಹಾಕಿಯೇ ಪ್ರಕಟಿಸಿದರು. ಕಡಂದಲೆಯ ಹುಡುಗಿ ನಮ್ಮವರಲ್ಲದಿದ್ದರೆ ಮತ್ತೆ ಯಾರು ನಮ್ಮವರು?

ಇವರೊಬ್ಬರೇ ಅಲ್ಲ. ದೆಹಲಿಯಲ್ಲಿ ಸತ್ಯರಾಣಿ ಛಡ್ಡಾ ಎಂಬ ತಾಯಿ ಇದ್ದರು. 1979ರಲ್ಲಿ ಅವರ ಮಗಳು ಗಂಡನ ಮನೆಯಲ್ಲಿ ಸುಟ್ಟು ಸತ್ತಳು. ಗರ್ಭಿಣಿ. ಗಂಡನ ಮನೆಯವರು ಕೇಳಿದ್ದು ಒಂದು ಸ್ಕೂಟರ್. ಹಾಗೆಯೇ ಮಗಳನ್ನು ಕಳೆದುಕೊಂಡ ಇನ್ನೊಬ್ಬ ತಾಯಿ, ಶಹಜಹಾನ್ ಆಪಾ. ಒಬ್ಬರು ಹಿಂದೂ, ಒಬ್ಬರು ಮುಸ್ಲಿಂ. ಇಬ್ಬರೂ ಸೇರಿ 1987ರಲ್ಲಿ "ಶಕ್ತಿ ಶಾಲಿನಿ" ಎಂಬ ಆಶ್ರಯಮನೆ ಕಟ್ಟಿದರು. ಬೆಂಗಳೂರಿನಲ್ಲಿ 1979ರಿಂದ "ವಿಮೋಚನಾ" ಇದೆ. ಡೊನ್ನಾ ಫೆರ್ನಾಂಡಿಸ್, ಮಧು ಭೂಷಣ್ ಮತ್ತು ಅವರ ಜೊತೆಗಾರರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನವರೆಗೆ ಹೋಗಿ, "ಸ್ಟೌವ್ ಸಿಡಿದು ಸಾವು" ಎಂದು ಫೈಲು ಮುಚ್ಚಿದ ಕೇಸುಗಳ ಬೆನ್ನು ಹತ್ತಿದವರು. ಅದು ಹೇಗೆ ಎಲ್ಲಾ ಮನೆಗಳಲ್ಲೂ ಸೊಸೆ ಅಡುಗೆ ಮಾಡುವಾಗಲೇ ಸ್ಟೌವ್ ಸಿಡಿಯುತ್ತದೆ ಎಂದು ಕೇಳಿದವರು.

ಇಂಥವರನ್ನು ನಾವು ಇಗರ್ಜಿಯ ಅಂಗಳದಲ್ಲಿ ನಿಂತು ಮನೆಮುರುಕರು ಎನ್ನುವುದು.

ಈಗ ಆ ಶಬ್ದಕ್ಕೆ ಬರೋಣ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯನ್ನು ಒಮ್ಮೆಯಾದರೂ ಓದಿದವರು ಈ ಮಾತು ಹೇಳಲಾರರು. ಅದರ 17ನೆಯ ಕಲಮು ಏನು ಹೇಳುತ್ತದೆ ಗೊತ್ತುಂಟಾ? ಹೆಣ್ಣಿಗೆ ತಾನು ಸಂಸಾರ ಮಾಡುತ್ತಿರುವ ಮನೆಯಲ್ಲೇ ವಾಸಿಸುವ ಹಕ್ಕು ಇದೆ, ಮನೆ ಯಾರ ಹೆಸರಿನಲ್ಲೇ ಇರಲಿ. ಪೆಟ್ಟು ತಿಂದವಳು ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ಹನ್ನೊಂದು ಗಂಟೆಗೆ ತವರಿನ ಬಾಗಿಲು ತಟ್ಟಬೇಕಾಗಿಲ್ಲ. ಅಗತ್ಯ ಬಿದ್ದರೆ ಹೊಡೆದವನೇ ಹೊರಗೆ ಹೋಗಬೇಕೆಂದು ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ಅರ್ಜಿ ಕೊಟ್ಟ ಕೂಡಲೇ ಯಾರನ್ನೂ ಜೈಲಿಗೆ ಹಾಕುವುದಿಲ್ಲ. "ಹೊಡೆಯಬೇಡ" ಎಂಬ ಕೋರ್ಟಿನ ಆದೇಶವನ್ನೂ ಮೀರಿದರೆ ಆಗ ಶಿಕ್ಷೆ: ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೆಂಗಸು ಮನೆಯಲ್ಲೇ ಉಳಿಯಲಿ ಎಂದು ಮಾಡಿದ ಕಾನೂನಿಗೆ ಮನೆ ಮುರಿಯುವ ಕಾನೂನು ಎಂದು ಹೆಸರು!

ಈ ಕಾಯ್ದೆ ಸರ್ಕಾರ ಕರುಣೆಯಿಂದ ಕೊಟ್ಟದ್ದಲ್ಲ. ಮೊದಲು 2002ರಲ್ಲಿ ಸರ್ಕಾರ ಸಂಸತ್ತಿಗೆ ತಂದ ಮಸೂದೆ ಬೇರೆಯೇ ಇತ್ತು. ಅದರಲ್ಲಿ ಗಂಡ "ರೂಢಿಯಾಗಿ" ಹೊಡೆಯುತ್ತಿದ್ದರೆ ಮಾತ್ರ ಹಿಂಸೆ. ಅಂದರೆ ಹಬ್ಬಕ್ಕೊಮ್ಮೆ ಹೊಡೆದರೆ ಲೆಕ್ಕಕ್ಕಿಲ್ಲ. ಇನ್ನೊಂದು ಚಂದ ನೋಡಿ: ತನ್ನ ಅಥವಾ ತನ್ನ ಆಸ್ತಿಯ ರಕ್ಷಣೆಗಾಗಿ ಮಾಡಿದ್ದು ಎಂದು ಗಂಡ ಹೇಳಿದರೆ ಅದಕ್ಕೂ ದಾರಿ ಬಿಟ್ಟಿದ್ದರು. ಹೆಂಡತಿಯಿಂದ ಕಾಪಾಡಬೇಕಾದ ಆಸ್ತಿ ಯಾವುದು, ಮಿಕ್ಸಿಯಾ? ದೇಶದ ಉದ್ದಗಲದ ಮಹಿಳಾ ಸಂಘಟನೆಗಳು ಇದನ್ನು ಒಪ್ಪಲಿಲ್ಲ. ಇಂದಿರಾ ಜೈಸಿಂಗ್ ಅವರ "ಲಾಯರ್ಸ್ ಕಲೆಕ್ಟಿವ್" ತಾವೇ ಬೇರೆ ಕರಡು ಬರೆದು ಊರೂರಿನ ಗುಂಪುಗಳ ಜೊತೆ ಚರ್ಚಿಸಿದರು. ಆ ಗುಂಪುಗಳ ಮಧ್ಯೆ ಎಲ್ಲದಕ್ಕೂ ಒಮ್ಮತ ಇತ್ತೆಂದು ತಿಳಿಯಬೇಡಿ, ನಮ್ಮ ಯುವ ಸಮಿತಿಯ ಮೀಟಿಂಗಿನ ಹಾಗೆ ಅಲ್ಲೂ ಜಗಳ ಇತ್ತು. ಆದರೂ ಹಿಡಿದ ಪಟ್ಟು ಬಿಡಲಿಲ್ಲ. 2005ರಲ್ಲಿ ಬಂದ ಕಾಯ್ದೆಯಲ್ಲಿ ಆ "ರೂಢಿಯಾಗಿ" ಇಲ್ಲ. 2006ರ ಅಕ್ಟೋಬರ್ 26ರಿಂದ ಅದು ಜಾರಿಯಲ್ಲಿದೆ. ಇಪ್ಪತ್ತು ವರ್ಷ ಆಗುತ್ತಾ ಬಂತು, ನಮ್ಮ ಮದುವೆ ತಯಾರಿ ಶಿಬಿರದಲ್ಲಿ ಅದರ ಬಗ್ಗೆ ಹತ್ತು ನಿಮಿಷ ಯಾರೂ ಮಾತಾಡಿದ್ದಿಲ್ಲ.

"ಸುಳ್ಳು ಕೇಸು ಹಾಕುತ್ತಾರಲ್ಲ?" ಎಂದು ಕೇಳುವವರಿಗೆ: ಹಾಕುತ್ತಾರೆ, ಕೆಲವರು. ನಮ್ಮ ಊರಿನಲ್ಲಿ ಗಡಿಕಲ್ಲು ಕಿತ್ತ ಸುಳ್ಳು ಕೇಸು ಎಷ್ಟಿಲ್ಲ? ಅದಕ್ಕಾಗಿ ಸರ್ವೆ ಇಲಾಖೆ ಮುಚ್ಚಿ ಎಂದು ಯಾರಾದರೂ ಹೇಳಿದ್ದುಂಟಾ?

ಇನ್ನು "ಧರ್ಮಸಭೆ ಒಪ್ಪುವುದಿಲ್ಲ" ಎಂಬ ಮಾತು. ಇದು ನಮಗೆ ಹೆಚ್ಚು ನೋವು ಕೊಟ್ಟದ್ದು, ಯಾಕೆಂದರೆ ಇದು ಸುಳ್ಳು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1153ನೆಯ ವಿಧಿ ತೆಗೆದು ನೋಡಿ. ಗಂಡ ಅಥವಾ ಹೆಂಡತಿಯಿಂದ ಇನ್ನೊಬ್ಬರ ಅಥವಾ ಮಕ್ಕಳ ಮನಸ್ಸಿಗೋ ದೇಹಕ್ಕೋ ಗಂಭೀರ ಅಪಾಯ ಇದ್ದರೆ ಅವರು ಬೇರೆ ಇರಲು ನ್ಯಾಯವಾದ ಕಾರಣ ಉಂಟು. ಬಿಷಪರ ಅನುಮತಿಗೆ ಕಾಯುವುದೇ ಅಪಾಯವಾದರೆ ಸ್ವಂತ ನಿರ್ಧಾರದಿಂದಲೇ ಹೊರಡಬಹುದು. ವಿವಾಹ ಸಂಸ್ಕಾರ ಅಳಿಯುವುದಿಲ್ಲ, ನಿಜ. ಆದರೆ ಪೆಟ್ಟು ತಿನ್ನುತ್ತಾ ಅಲ್ಲೇ ಇರು ಎಂದು ಧರ್ಮಸಭೆ ಎಲ್ಲೂ ಹೇಳಿಲ್ಲ. ಹೇಳಿದ್ದು ನಾವು. 2010ರಲ್ಲಿ ಭಾರತದ ಬಿಷಪರ ಮಂಡಳಿ ಲಿಂಗ ಸಮಾನತೆಯ ನೀತಿಯನ್ನೇ ಹೊರತಂದಿದೆ. ಅದರ ಒಂದು ಪ್ರತಿಯೂ ನಮ್ಮ ಸಭಾಂಗಣದ ಕಪಾಟಿನಲ್ಲಿ ಸಿಗಲಿಲ್ಲ. ಸಿಕ್ಕಿದ್ದು ಹಳೆಯ ಹೌಸಿ ಟಿಕೆಟಿನ ಕಟ್ಟು.

ಒಂದು ಕಾಲದಲ್ಲಿ ಸರ್ಕಾರದ ಕಾನೂನೂ ಹೀಗೆಯೇ ಇತ್ತು. 1869ರ ವಿಚ್ಛೇದನ ಕಾಯ್ದೆಯಲ್ಲಿ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದು ಸಾಬೀತಾದರೆ ಸಾಕು. ಹೆಂಡತಿಗಾದರೆ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಬಿಟ್ಟುಹೋದದ್ದನ್ನೋ ತೋರಿಸಬೇಕು. ಬರೇ ಪೆಟ್ಟಿಗೆ ಬಿಡುಗಡೆ ಇಲ್ಲ. ಫ್ಲೇವಿಯಾ ಅಂಥವರು ಸಿಕ್ಕಿಬಿದ್ದದ್ದು ಇದರಲ್ಲೇ. 1995ರಲ್ಲಿ ನಮ್ಮದೇ ಕೇರಳದ ಹೈಕೋರ್ಟು ಕ್ರೈಸ್ತ ಹೆಂಗಸರ ಅರ್ಜಿಯ ಮೇಲೆ ಆ ತಾರತಮ್ಯವನ್ನು ತೆಗೆದುಹಾಕಿತು. 2001ರಲ್ಲಿ ಸಂಸತ್ತು ದೇಶಕ್ಕೆಲ್ಲ ತಿದ್ದುಪಡಿ ತಂತು. ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದವರಲ್ಲಿ ಜ್ಯೋತ್ಸ್ನಾ ಚಟರ್ಜಿ ಅವರಂಥ ಕ್ರೈಸ್ತ ಹೆಂಗಸರು ಇದ್ದರು. ಕ್ರೈಸ್ತ ಹೆಣ್ಣಿನ ಪಾಲಿನ ನ್ಯಾಯಕ್ಕೆ 126 ವರ್ಷ.

"ನಮ್ಮಲ್ಲಿ ಅಂಥದ್ದೆಲ್ಲ ಕಡಿಮೆ" ಎಂದೂ ಒಬ್ಬರು ಹೇಳಿದರು. ಬಿ.ಎಸ್ಸಿ. ಓದಿದ ತಪ್ಪಿಗೆ ನಮಗೆ ಅಂಕಿ ನೋಡದೆ ಸಮಾಧಾನ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಹೆಂಗಸರು ದೇಶದಲ್ಲಿ ನೂರಕ್ಕೆ ಸುಮಾರು 29, ಕರ್ನಾಟಕದಲ್ಲಿ 44, ಕೇರಳದಲ್ಲಿ ಸುಮಾರು 10. ನೋಡಿದಿರಾ ಎಂದು ಎದೆ ಉಬ್ಬಿಸುವ ಮೊದಲು ಅದೇ ಸಮೀಕ್ಷೆಯ ಇನ್ನೊಂದು ಪ್ರಶ್ನೆ ನೋಡಿ. ಹೇಳದೆ ಹೊರಗೆ ಹೋದರೆ, ಅಡುಗೆ ಸರಿ ಮಾಡದಿದ್ದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ ಇತ್ಯಾದಿ ಯಾವುದಾದರೂ ಒಂದು ಕಾರಣಕ್ಕೆ ಗಂಡ ಹೊಡೆಯುವುದು ಸರಿ ಎಂದ ಹೆಂಗಸರು ಕೇರಳದಲ್ಲಿ ಅರ್ಧಕ್ಕಿಂತ ಹೆಚ್ಚು. ಪೆಟ್ಟು ಸರಿ ಎಂದು ನಂಬಿದವಳು ಸಮೀಕ್ಷೆಯವರು ಬಂದಾಗ ಅದನ್ನು ಹಿಂಸೆ ಎಂದು ಯಾಕೆ ಹೇಳುತ್ತಾಳೆ?

ಅವಳಿಗೆ ಹಾಗೆ ಕಲಿಸಿದವರಲ್ಲಿ ನಾವೂ ಇದ್ದೇವೆ. ಹಿರಿಯರಿಗೆ ಮಾತ್ರ ಬೈದು ಕೈ ತೊಳೆದುಕೊಳ್ಳುವುದಿಲ್ಲ. ಎರಡು ವರ್ಷದ ಹಿಂದಿನ ಯುವದಿನಕ್ಕೆ ನಾವು ಮಾಡಿದ ಕಿರುನಾಟಕ ನೆನಪುಂಟಾ? ಕುಡುಕ ಗಂಡ ಪೊರಕೆ ಹಿಡಿದು ಹೆಂಡತಿಯನ್ನು ಅಟ್ಟಿಸಿಕೊಂಡು ಹೋಗುವ ದೃಶ್ಯ. ಸಭಾಂಗಣ ಇಡೀ ನಕ್ಕಿತು, ಬಹುಮಾನವೂ ಬಂತು. ಆ ದಿನ ಎರಡನೇ ಸಾಲಿನಲ್ಲಿ ಕುಳಿತ ಒಬ್ಬ ಅಕ್ಕ ನಗಲಿಲ್ಲ. ಅವರ ಕೆನ್ನೆಯ ಕಲೆಗೆ "ಬಾಗಿಲು ತಾಗಿತು" ಎಂದಿದ್ದರು, ನಾವು ನಂಬಿದಂತೆ ಮಾಡಿದೆವು. ಅವರ ರೋಸಿನ ದಿನ ತೆಂಗಿನ ಹಾಲು ಹಚ್ಚಿ ಹಾಡಿದವರು ನಾವು. ಅವರು ಮೂರು ಸಲ ತವರಿಗೆ ಬಂದರು, ಮೂರು ಸಲವೂ "ಸಹಿಸಿಕೋ, ಪ್ರಾರ್ಥನೆ ಮಾಡು" ಎಂದು ಹೇಳಿ ಕಳಿಸಿದ್ದಾಯಿತು. ಕಳಿಸುವ ದಿನ ಜೀಪು ಓಡಿಸಿದವನೂ ನಮ್ಮ ಸಮಿತಿಯವನೇ. ಯಾರು ಎಂದು ಊಹೆ ಮಾಡಲು ಹೋಗಬೇಡಿ, ಹಾಗೆ ಊಹೆ ಮಾಡಿದರೆ ಒಬ್ಬರಲ್ಲ, ನಾಲ್ಕು ಮಂದಿ ಸಿಗುತ್ತಾರೆ.

ನಾಲ್ಕನೇ ಸಲ ಅವರು ಬಂದಾಗ ನಮ್ಮ ಹುಡುಗಿಯರಿಬ್ಬರು ಜೊತೆಗೆ ಹೋದರು. ಕಚೇರಿಯಲ್ಲಿ ಕೊಟ್ಟ ಫಾರಂ ಇಡೀ ಮಲಯಾಳದಲ್ಲಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಕಲಿತ ಹೆಂಗಸು ತನ್ನ ಮೈಮೇಲಿನ ಪೆಟ್ಟನ್ನು ಮೂರನೇ ಭಾಷೆಯಲ್ಲಿ ವಿವರಿಸಬೇಕು, ಅದೂ ಕೌಂಟರಿನಲ್ಲಿ ನಿಂತು. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ಭಾಷಾ ಅಲ್ಪಸಂಖ್ಯಾತರಾದ ನಮಗೆ ಉಂಟು. ಶಾಲೆಗೆ ಕನ್ನಡ ಬಾರದ ಮೇಷ್ಟ್ರನ್ನು ಹಾಕಿದರೆ ಧರಣಿ ಕೂರುವ ನಾವು ಈ ಫಾರಂ ಬಗ್ಗೆ ಒಂದು ಮನವಿಯನ್ನೂ ಕೊಟ್ಟಿರಲಿಲ್ಲ. ಈಗ ಬರೆದಿದ್ದೇವೆ. ಸಹಿ ಹಾಕಲು ಬನ್ನಿ, ಗಂಡಸರೂ ಬನ್ನಿ.

ನಂಬರುಗಳನ್ನು ಬರೆದಿಟ್ಟುಕೊಳ್ಳಿ: ಮಹಿಳಾ ಸಹಾಯವಾಣಿ 181, ತುರ್ತಿಗೆ ಪೊಲೀಸ್ 112. ಕುಟುಂಬಶ್ರೀಯ "ಸ್ನೇಹಿತ" ಕೇಂದ್ರ ನಮ್ಮ ಜಿಲ್ಲೆಯಲ್ಲೂ ಇದೆ, ರಾತ್ರಿ ಹಗಲು ತೆರೆದಿರುತ್ತದೆ, ಕೆಲವು ದಿನ ಉಳಿಯಲೂ ಜಾಗ ಉಂಟು. ಅರ್ಜಿ ಬರೆಯಲು, ಜೊತೆಗೆ ಹೋಗಲು ಮಲಯಾಳ ಬರುವ ನಾಲ್ಕು ಹುಡುಗಿಯರು ನಮ್ಮಲ್ಲಿದ್ದಾರೆ. ಕೇಳಿದ್ದನ್ನು ಹೊರಗೆ ಹೇಳುವವರಲ್ಲ.

ಹಾಳೆಯನ್ನು ಮತ್ತೆ ಪ್ರಿಂಟ್ ಹಾಕಿಸಿದ್ದೇವೆ. ಈ ಸಲ ಲ್ಯಾಮಿನೇಟ್ ಕೂಡ ಮಾಡಿಸಿದ್ದೇವೆ. ಒಂದು ನೋಟಿಸ್ ಬೋರ್ಡಿಗೆ, ತೆಗೆದರೆ ಇನ್ನೊಂದು ಉಂಟು. ಮೂರನೆಯದು ಸಭಾಂಗಣದ ಹೆಂಗಸರ ಶೌಚಾಲಯದ ಬಾಗಿಲಿನ ಒಳಬದಿಗೆ. ಅಲ್ಲಿಗೆ ಯಾವ ಅಂಕಲ್ ಕೂಡ ಬಂದು ಕೀಳಲಿಕ್ಕಿಲ್ಲ.